ಪ್ಲಂಬಿಂಗ್ ಗುತ್ತಿಗೆದಾರರ ವಿಮೆ: ಕಾಸರಗೋಡು ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಹೊಸದುರ್ಗದವರೆಗೆ ಮನೆ, ಫ್ಲ್ಯಾಟು, ಶಾಲೆ, ಕಂಗಿನ ತೋಟ ಎಂದು ನೀರಿನ ಕೆಲಸ ಹಿಡಿಯುವ ಗುತ್ತಿಗೆದಾರರು ವಿಮೆಯ ಕುರಿತು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಪಾಲಿಸಿಗಳ ಹೆಸರು ಹಲವಾದರೂ ಎಲ್ಲದರ ಹಿಂದಿರುವ ನಿಯಮ ಒಂದೇ: ಪ್ರಸ್ತಾವನಾ ಪತ್ರದಲ್ಲಿ, ಅಂದರೆ ವಿಮೆಗಾಗಿ ಕೊಡುವ ಅರ್ಜಿಯಲ್ಲಿ, ನೀವು ಬರೆದುಕೊಟ್ಟ ಕೆಲಸಕ್ಕೆ ಮಾತ್ರ ವಿಮಾ ಕಂಪನಿ ಹೊಣೆಯಾಗುತ್ತದೆ. ಬರೆಯದೆ ಬಿಟ್ಟ ಕೆಲಸದಲ್ಲಿ ಅವಘಡವಾದರೆ ಪ್ರೀಮಿಯಂ ಕಟ್ಟಿದ ರಶೀದಿ ಕೈಯಲ್ಲಿದ್ದೂ ಪ್ರಯೋಜನವಾಗದು.

ನನ್ನ ಪಿಕಪ್‌ಗೆ ವಿಮೆ ಇದೆ. ವ್ಯವಹಾರಕ್ಕೆ ಅದು ಸಾಲದೆ?

ಸಾಲದು. ವಾಹನದ ವಿಮೆ ರಸ್ತೆಯ ಮೇಲಿನ ಅಪಘಾತಕ್ಕೆ ಸಂಬಂಧಿಸಿದ್ದು. ಕೆಲಸಗಾರ ತಾರಸಿಯ ಟ್ಯಾಂಕಿನ ಸ್ಟ್ಯಾಂಡಿನಿಂದ ಬಿದ್ದರೆ, ನೀವು ಹಾಕಿದ ಜಾಯಿಂಟು ಬಿಟ್ಟು ಕೆಳಗಿನ ಮನೆಯ ಸೀಲಿಂಗು ಹಾಳಾದರೆ, ಗೋದಾಮಿನಿಂದ ಹಿತ್ತಾಳೆಯ ಫಿಟ್ಟಿಂಗ್‌ಗಳು ಕಳವಾದರೆ ಆ ಪಾಲಿಸಿಯಿಂದ ಒಂದು ರೂಪಾಯಿಯೂ ಬಾರದು. ಇಷ್ಟಾದರೂ ನಮ್ಮ ಭಾಗದ ಬಹುತೇಕ ಗುತ್ತಿಗೆದಾರರ ಬಳಿ ಇರುವುದು ಅದೊಂದೇ. ಪೊಲೀಸರು ಹಿಡಿಯುತ್ತಾರೆಂಬ ಕಾರಣಕ್ಕೆ ಮಾಡಿಸಿದ ವಿಮೆ ಅದು.

ಹಾಗಾದರೆ ಮೊದಲು ಮಾಡಿಸಬೇಕಾದದ್ದು ಯಾವುದು?

ಕೈಯಲ್ಲಿ ಹಣ ಕಡಿಮೆಯಿದ್ದು ಒಂದೇ ಪಾಲಿಸಿ ಸಾಧ್ಯವೆಂದಾದರೆ ನೌಕರರ ಪರಿಹಾರ ಪಾಲಿಸಿಯನ್ನೇ ಮಾಡಿಸಿ. ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಕೆಲಸಗಾರನಿಗೆ ಗಾಯವಾದರೆ ಮಾಲೀಕನೇ ಪರಿಹಾರ ಕೊಡಬೇಕೆಂದು 1923ರ ಕಾಯ್ದೆ ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಹೊಣೆ ಮುಂದುವರಿದಿದೆ. ಕಟ್ಟಡದ ನಿರ್ಮಾಣ ಮತ್ತು ದುರಸ್ತಿ, ಪೈಪ್‌ಲೈನು, ಒಳಚರಂಡಿ ಇವೆಲ್ಲ ಕಾಯ್ದೆ ಹೆಸರಿಸಿದ ಕೆಲಸಗಳೇ ಆಗಿವೆ. ಇಲ್ಲಿ ಮಾಲೀಕನ ತಪ್ಪಿತ್ತೇ ಇರಲಿಲ್ಲವೇ ಎಂಬುದು ಮುಖ್ಯವಲ್ಲ. ನೀವು ಏಣಿಯನ್ನು ಸರಿಯಾಗಿ ಕಟ್ಟಿಸಿದ್ದಿರಿ, ಅವನೇ ಅವಸರ ಮಾಡಿದ ಎಂಬ ವಾದದಿಂದ ಹೊಣೆ ತಪ್ಪುವುದಿಲ್ಲ. ಕುಡಿದಿದ್ದ, ಹೆಲ್ಮೆಟ್ ಹಾಕೆಂದರೂ ಬೇಕೆಂದೇ ಹಾಕಲಿಲ್ಲ ಎಂಬಂಥ ವಿನಾಯಿತಿಗಳು ಸಣ್ಣಪುಟ್ಟ ಗಾಯಗಳ ವಿಷಯದಲ್ಲಿ ನಿಲ್ಲಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಉಂಟಾದಾಗ ಅವೂ ನಿಲ್ಲುವುದಿಲ್ಲ.

ಪರಿಹಾರದ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಸಾವಿಗೆ ತಿಂಗಳ ವೇತನದ ಶೇ. 50ನ್ನು, ಶಾಶ್ವತ ಪೂರ್ಣ ಅಂಗವಿಕಲತೆಗೆ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ವೇತನದ ಗರಿಷ್ಠ ಮಿತಿಯನ್ನು 2020ರ ಜನವರಿ 3ರಿಂದ 15,000 ರೂಪಾಯಿಗೆ ಏರಿಸಲಾಯಿತು. ಕೆಲಸಗಾರನಿಗೆ 30 ವರ್ಷವಾಗಿದ್ದರೆ ಗುಣಕ 207.98. ದಿನಕ್ಕೆ 900 ರೂಪಾಯಿಯಂತೆ ತಿಂಗಳಿಗೆ 25 ದಿನ ದುಡಿಯುವವನ ಸಂಪಾದನೆ 22,500 ಆದರೂ ಲೆಕ್ಕಕ್ಕೆ ಸಿಗುವುದು 15,000. ಅದರ ಅರ್ಧವಾದ 7,500ನ್ನು 207.98ರಿಂದ ಗುಣಿಸಿದರೆ 15,59,850 ರೂಪಾಯಿ ಬರುತ್ತದೆ. ಅದೇ ವ್ಯಕ್ತಿ ಬದುಕುಳಿದು ಇನ್ನೆಂದೂ ದುಡಿಯಲಾಗದ ಸ್ಥಿತಿಗೆ ಬಂದರೆ ಮೊತ್ತ 18,71,820 ರೂಪಾಯಿ.

ಪ್ರೀಮಿಯಂ ಉಳಿಸಲೆಂದು ವೇತನವನ್ನು ಕಡಿಮೆ ತೋರಿಸುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ತಿಂಗಳಿಗೆ 8,000 ರೂಪಾಯಿ ಎಂದು ಬರೆದುಕೊಟ್ಟಿದ್ದರೆ ಆ ವೇತನದ ಮೇಲೆ ಬರುವ ಪರಿಹಾರ 8,31,920 ರೂಪಾಯಿ. ನಿಜವಾದ ವೇತನ ಸಾಬೀತಾಗಿ ಪರಿಹಾರ ತೀರ್ಮಾನಿಸುವ ಅಧಿಕಾರಿಯಾದ ಕಮಿಷನರ್ 15,59,850 ರೂಪಾಯಿಗೆ ಆದೇಶ ಮಾಡಿದರೆ, ಕಂಪನಿ ತಾನು ಪ್ರೀಮಿಯಂ ಪಡೆದಷ್ಟಕ್ಕೆ ಮಾತ್ರ ಹೊಣೆ ಎನ್ನುತ್ತದೆ. ಉಳಿದ 7,27,930 ರೂಪಾಯಿಗೆ ನಿಮ್ಮ ಮನೆಯ ಹಕ್ಕುಪತ್ರಗಳು ಬ್ಯಾಂಕಿಗೆ ಹೋಗುತ್ತವೆ. ವರ್ಷಕ್ಕೆ ಉಳಿಸಿದ್ದು ಕೆಲವು ಸಾವಿರ ರೂಪಾಯಿಯೂ ಇರದು.

ನನ್ನಲ್ಲಿ ಖಾಯಂ ಕೆಲಸಗಾರರಿಲ್ಲ. ಬಂಗಾಳ, ಒಡಿಶಾ ಕಡೆಯವರು ಬಂದು ಹೋಗುತ್ತಾರೆ. ಅವರಿಗೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ನಿಮ್ಮ ವ್ಯವಹಾರದ ಕೆಲಸಕ್ಕೆ ನೀವು ಕರೆತಂದವನು ಒಂದು ದಿನಕ್ಕೆ ಬಂದಿದ್ದರೂ ಅವನಿಗೆ ನೀವೇ ಮಾಲೀಕರು. ಹೆಸರುಗಳು ಬದಲಾಗುತ್ತಲೇ ಇರುವ ತಂಡಕ್ಕೆ ಹೆಸರಿನ ಪಟ್ಟಿಯ ಬದಲು ಕೆಲಸದ ವರ್ಗ, ತಲೆಗಳ ಸಂಖ್ಯೆ ಮತ್ತು ಒಟ್ಟು ವಾರ್ಷಿಕ ವೇತನದ ಆಧಾರದ ಮೇಲೆ ಪಾಲಿಸಿ ಮಾಡಿಸುವುದು ಉತ್ತಮ. ಅದರ ಜೊತೆಗೆ ಹಾಜರಿ ಪುಸ್ತಕವೊಂದು ಇರಲೇಬೇಕು: ಹೆಸರು, ಆಧಾರ್ ಪ್ರತಿ, ದಿನಾಂಕ, ಸೈಟು, ಕೂಲಿ, ಸಹಿ ಅಥವಾ ಹೆಬ್ಬೆಟ್ಟು. ಕೂಲಿಯನ್ನು ಫೋನಿನ ಮೂಲಕ ಕಳುಹಿಸುವವರಿಗೆ ಆ ದಾಖಲೆಯೇ ದೊಡ್ಡ ಆಸರೆ. ಅವಘಡವಾದ ದಿನ ಆ ಹುಡುಗ ನಿಮ್ಮ ಕೆಲಸದಲ್ಲೇ ಇದ್ದ ಎಂಬುದನ್ನು ಕಂಪನಿಗೆ ತೋರಿಸಬೇಕಾದವರು ನೀವು.

ಇನ್ನೊಂದನ್ನೂ ಅರಿತಿರಬೇಕು. ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಕಡೆಯಷ್ಟೇ ಅಲ್ಲದೆ ಅರ್ಜಿದಾರರು ವಾಸಿಸುವ ಊರಿನಲ್ಲೂ ಸಲ್ಲಿಸಲು ಅವಕಾಶವಿದೆ. ಕುಂಬಳೆಯಲ್ಲಿ ಬಿದ್ದವನ ಕುಟುಂಬ ಮುರ್ಶಿದಾಬಾದಿನಲ್ಲಿ ಪ್ರಕರಣ ಹೂಡಿದರೆ ನೋಟಿಸು ಅಲ್ಲಿಂದಲೇ ಬರುತ್ತದೆ.

ಪಾಲಿಸಿ ಇದ್ದೂ ನನ್ನ ಕೈಯಿಂದ ಹೋಗುವ ಹಣ ಯಾವುದು?

ಮೊದಲನೆಯದು ಆಸ್ಪತ್ರೆಯ ವೆಚ್ಚ. ಗಾಯಗೊಂಡವನ ಚಿಕಿತ್ಸೆಯ ನಿಜವಾದ ಖರ್ಚನ್ನು ಮಾಲೀಕ ಭರಿಸಬೇಕೆಂದು 2009ರ ತಿದ್ದುಪಡಿ ಸೇರಿಸಿತು. ಆದರೆ ಮೂಲ ಪಾಲಿಸಿಯಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ಹೆಚ್ಚುವರಿ ಪ್ರೀಮಿಯಂ ಕೊಟ್ಟು ವೈದ್ಯಕೀಯ ವೆಚ್ಚದ ವಿಸ್ತರಣೆಯನ್ನು ಕೇಳಿ ಪಡೆಯಬೇಕು. ಬೆನ್ನುಮೂಳೆಗೆ ಪೆಟ್ಟಾದವರನ್ನು ಇಲ್ಲಿಂದ ಮಂಗಳೂರಿಗೆ ಒಯ್ಯುವುದೇ ರೂಢಿಯಾದ್ದರಿಂದ ವಿಸ್ತರಣೆಯ ಮಿತಿಯನ್ನು ಅಲ್ಲಿನ ಬಿಲ್ಲುಗಳನ್ನು ನೆನೆದು ನಿಗದಿಪಡಿಸಿ.

ಎರಡನೆಯದು ವಿಳಂಬದ ಬೆಲೆ. ಪರಿಹಾರ ಬಾಕಿಯಾದ ಒಂದು ತಿಂಗಳೊಳಗೆ ಅದನ್ನು ಕೊಡದಿದ್ದರೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ಬೀಳುತ್ತದೆ, ಸಮರ್ಥ ಕಾರಣವಿಲ್ಲದಿದ್ದರೆ ಮೊತ್ತದ ಶೇ. 50ರವರೆಗೆ ದಂಡವನ್ನೂ ವಿಧಿಸಬಹುದು. ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ. ಹಲವು ಪಾಲಿಸಿಗಳು ಬಡ್ಡಿಯನ್ನೂ ಹೊರಗಿಡುತ್ತವೆ. ಆದ್ದರಿಂದ ಅವಘಡವನ್ನು ಮುಚ್ಚಿಟ್ಟು ವಾರಗಟ್ಟಲೆ ಕಾದು ನೋಡುವುದು ಅತ್ಯಂತ ದುಬಾರಿಯಾದ ಜಾಣತನ.

ಊರಿನ ಹಿರಿಯರ ಎದುರು ಕುಟುಂಬಕ್ಕೆ ಹಣ ಕೊಟ್ಟು ಮುಗಿಸಿದರೆ ಆಗದೇ?

ಆಗದು. ಸಾವಿನ ಪ್ರಕರಣದಲ್ಲಿ ಪರಿಹಾರವನ್ನು ಕಮಿಷನರ್ ಬಳಿ ಠೇವಣಿ ಇಡಬೇಕು; ಕುಟುಂಬಕ್ಕೆ ನೇರವಾಗಿ ಕೊಟ್ಟ ಹಣವನ್ನು ಕಾನೂನು ಪರಿಹಾರದ ಪಾವತಿ ಎಂದು ಗಣಿಸುವುದಿಲ್ಲ. ಮೂರು ತಿಂಗಳ ವೇತನಕ್ಕೆ ಸಮನಾದ ಮುಂಗಡವನ್ನು ಅವಲಂಬಿತರಿಗೆ ಕೊಟ್ಟರೆ ಅಷ್ಟನ್ನು ಮಾತ್ರ ಮುಂದೆ ಕಳೆಯಲು ಅವಕಾಶವಿದೆ. ನಾಲ್ಕು ಮಂದಿಯ ಸಹಿ ಹಾಕಿಸಿ ಛಾಪಾ ಕಾಗದದಲ್ಲಿ ಬರೆದುಕೊಂಡ ಒಪ್ಪಂದವಿದ್ದರೂ, ಕುಟುಂಬದವರು ಆಮೇಲೆ ಅರ್ಜಿ ಹಾಕಿದರೆ ನೀವು ಎರಡನೆಯ ಬಾರಿ ಕೊಡಬೇಕಾಗುತ್ತದೆ. ಮೇಲಾಗಿ, ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದೆಂಬುದು ಪಾಲಿಸಿಯ ಷರತ್ತು. ರಾಜಿಯ ಕಾಗದವೇ ನಿಮ್ಮ ವಿರುದ್ಧ ಸಾಕ್ಷಿಯಾದೀತು.

ಅಂತ್ಯಸಂಸ್ಕಾರಕ್ಕೆ, ಶವವನ್ನು ಊರಿಗೆ ಕಳುಹಿಸಲು ಖರ್ಚು ಮಾಡುವುದು ಮನುಷ್ಯತ್ವದ ಮಾತು. ಅದನ್ನು ಮಾಡಿ, ರಶೀದಿ ಇಟ್ಟುಕೊಳ್ಳಿ.

ಬಿಲ್ಡರ್ ನನ್ನ ಪಾಲಿಸಿಯ ಪ್ರತಿ ಕೇಳುತ್ತಾರೆ. ಅವರಿಗೇಕೆ ಅದು?

ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಗುತ್ತಿಗೆದಾರನ ಕೆಲಸಗಾರರಿಗೂ ಪರಿಹಾರ ಕೊಡಲು ಬಾಧ್ಯನಾಗುತ್ತಾನೆ. ಕೊಟ್ಟ ಹಣವನ್ನು ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ನಿಮ್ಮ ಬಳಿ ಪಾಲಿಸಿ ಇಲ್ಲದಿದ್ದರೆ ವಸೂಲಿ ಬರಿಯ ಮಾತಾಗುತ್ತದೆ ಎಂಬುದು ಬಿಲ್ಡರ್‌ಗೆ ಗೊತ್ತು. ಇದೇ ನಿಯಮ ನಿಮ್ಮನ್ನೂ ಕಟ್ಟಿಹಾಕುತ್ತದೆ: ಚೇಸಿಂಗ್ (ಪೈಪು ಹುದುಗಿಸಲು ಗೋಡೆ ಕೊರೆಯುವ) ಕೆಲಸವನ್ನು ನೀವು ಇನ್ನೊಬ್ಬ ಮೇಸ್ತ್ರಿಗೆ ಒಳಗುತ್ತಿಗೆ ಕೊಟ್ಟರೆ ಅವನ ಹುಡುಗರ ಹೊಣೆಯೂ ನಿಮ್ಮ ಬಾಗಿಲಿಗೆ ಬರಬಹುದು. ಒಳಗುತ್ತಿಗೆಯ ಕೆಲಸಗಾರರನ್ನು ಸೇರಿಸುವ ವಿಸ್ತರಣೆಯನ್ನು ಪಾಲಿಸಿಯಲ್ಲಿ ಬರೆಸಿ, ಅಥವಾ ಆ ಮೇಸ್ತ್ರಿಯ ಪಾಲಿಸಿಯನ್ನು ಕಣ್ಣಾರೆ ನೋಡಿದ ಮೇಲೆ ಕೆಲಸ ಒಪ್ಪಿಸಿ.

ನಮ್ಮ ಸಂಸ್ಥೆಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆ. ಆದರೂ ಈ ಪಾಲಿಸಿ ಬೇಕೇ?

10 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಮಾಲೀಕನ ವಂತಿಗೆ ಶೇ. 3.25, ನೌಕರನದು ಶೇ. 0.75. ಇಎಸ್‌ಐಯಿಂದ ಪರಿಹಾರ ಸಿಗುವ ಗಾಯಕ್ಕೆ ಮಾಲೀಕನಿಂದ ಮತ್ತೆ ಪರಿಹಾರ ಕೇಳಲಾಗದು. ಹೀಗಾಗಿ ಆ ಮಿತಿಗಿಂತ ಹೆಚ್ಚು ಸಂಪಾದಿಸುವ ಹಿರಿಯ ಪ್ಲಂಬರ್‌ಗಳಿಗೆ ಮತ್ತು ಇಎಸ್‌ಐಯಲ್ಲಿ ಹೆಸರಿಲ್ಲದವರಿಗೆ ಮಾತ್ರ ಪಾಲಿಸಿ ಮಾಡಿಸಿದರೆ ಸಾಕು.

ಕೆಲಸಗಾರರ ಜೊತೆ ನಾನೂ ಏಣಿ ಹತ್ತುತ್ತೇನೆ. ನನಗೆ ಏನಾದರೂ ಆದರೆ?

ನೌಕರರ ಪರಿಹಾರ ಪಾಲಿಸಿ ಮಾಲೀಕನಿಗೆ ಅನ್ವಯಿಸುವುದಿಲ್ಲ, ಏಕೆಂದರೆ ನೀವು ನಿಮಗೇ ನೌಕರರಲ್ಲ. ನಿಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಿ ವೈಯಕ್ತಿಕ ಅಪಘಾತ ವಿಮೆ ಇರಬೇಕು, ಅದರಲ್ಲಿ ತಾತ್ಕಾಲಿಕ ಅಸಾಮರ್ಥ್ಯಕ್ಕೆ ವಾರದ ಭತ್ಯೆಯೂ ಸೇರಿರಬೇಕು. ಕಾಲು ಮುರಿದು ಎರಡು ತಿಂಗಳು ಮಲಗಿದಾಗ ಮನೆ ನಡೆಸುವುದು ಆ ಭತ್ಯೆಯೇ. ಅರ್ಜಿಯಲ್ಲಿ ವೃತ್ತಿಯನ್ನು ‘ವ್ಯಾಪಾರ’ ಎಂದು ಬರೆಯಬೇಡಿ. ಎತ್ತರದಲ್ಲಿ ಕೈಯಾರೆ ಕೆಲಸ ಮಾಡುವ ಪ್ಲಂಬರ್ ಎಂದೇ ಬರೆಯಿರಿ.

ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಕೊಡುತ್ತದೆ. ಅದನ್ನು ನೀವೂ ಮಾಡಿಸಿ, ಹುಡುಗರಿಗೂ ಮಾಡಿಸಿ. ಆದರೆ ಅದು ನಿಮ್ಮ ಕಾನೂನಿನ ಹೊಣೆಯನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ.

ಬಾವಿ, ಬೋರ್‌ವೆಲ್, ಸುರಂಗದ ಕೆಲಸವೂ ಪ್ಲಂಬಿಂಗ್ ಎಂದೇ ಆಗುತ್ತದೆಯಲ್ಲವೇ?

ನಮ್ಮ ಊರಿನ ಲೆಕ್ಕದಲ್ಲಿ ಆಗುತ್ತದೆ, ವಿಮಾ ಕಂಪನಿಯ ಲೆಕ್ಕದಲ್ಲಿ ಆಗುವುದಿಲ್ಲ. ಬಾಯಾರು, ಎಣ್ಮಕಜೆ ಕಡೆಯಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗದ ಒಳಗೆ ಹೋಗಿ ಪೈಪು ಜೋಡಿಸಿ ತೋಟದ ಟ್ಯಾಂಕಿಗೆ ನೀರು ಇಳಿಸುವುದು ಪ್ಲಂಬರನಿಗೆ ದಿನನಿತ್ಯದ ಕೆಲಸ. ಮಳೆಗಾಲ ಕಳೆದ ಮೇಲೆ ಬಾವಿಗೆ ಇಳಿದು ಫುಟ್‌ವಾಲ್ವ್ ಬದಲಿಸುವುದೂ ಹಾಗೆಯೇ. ಆದರೆ ಪ್ರಸ್ತಾವನಾ ಪತ್ರದಲ್ಲಿ ‘ಕಟ್ಟಡದ ಒಳಗಿನ ಪ್ಲಂಬಿಂಗ್’ ಎಂದಷ್ಟೇ ಇದ್ದರೆ, ಬಾವಿಯಲ್ಲಿ ಆಮ್ಲಜನಕದ ಕೊರತೆಯಿಂದ ಉಸಿರುಗಟ್ಟಿದವನ ಕ್ಲೈಮಿಗೆ ಕಂಪನಿ ತಕರಾರು ತೆಗೆಯುವುದು ಖಚಿತ. ಎಷ್ಟು ಆಳದ ಬಾವಿಗೆ ಇಳಿಯುತ್ತೀರಿ, ಎಷ್ಟು ಅಂತಸ್ತಿನವರೆಗೆ ಹೊರಗೋಡೆಯಲ್ಲಿ ಪೈಪು ಎಳೆಯುತ್ತೀರಿ, ರಸ್ತೆ ಅಗೆಯುತ್ತೀರಾ, ಗ್ಯಾಸ್ ಪೈಪಿನ ಕೆಲಸವಿದೆಯೇ ಎಂಬುದನ್ನೆಲ್ಲ ಬರೆದು ಕೊಡಿ. ಪ್ರೀಮಿಯಂ ಸ್ವಲ್ಪ ಏರುತ್ತದೆ. ಏರಲಿ.

ಸೆಪ್ಟಿಕ್ ಟ್ಯಾಂಕಿನ ವಿಷಯ ಬೇರೆಯೇ ಆಗಿದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೋ ಒಳಚರಂಡಿಗೋ ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇಂಥ ಸಾವುಗಳಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ‘ಬರೀ ಪೈಪು ಕಟ್ಟಿಕೊಂಡಿದೆ, ಒಮ್ಮೆ ಇಳಿದು ನೋಡಿ’ ಎಂದು ಮನೆಯವರು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ. ಕಾನೂನು ನಿಷೇಧಿಸಿದ ಕೆಲಸಕ್ಕೆ ರಕ್ಷಣೆ ಮಾರುವ ಪಾಲಿಸಿ ಎಲ್ಲಿಯೂ ಇಲ್ಲ.

ನಾನು ಹಾಕಿದ ಪೈಪು ಸೋರಿ ಇತರರ ಸೊತ್ತು ಹಾಳಾದರೆ ಯಾವ ಪಾಲಿಸಿ?

ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ. ಇದೇ ಹೆಸರಿನ 1991ರ ಕಾಯ್ದೆಯೊಂದಿದೆ. ಅದು ಅಪಾಯಕಾರಿ ರಾಸಾಯನಿಕಗಳನ್ನು ನಿರ್ವಹಿಸುವವರಿಗೆ ಸಂಬಂಧಿಸಿದ್ದು, ನಿಮಗಲ್ಲ. ನೀವು ಕೇಳಬೇಕಾದದ್ದು ಕೈಗಾರಿಕೇತರ ವ್ಯವಹಾರಕ್ಕೆ ಕೊಡುವ ಪಾಲಿಸಿ. ಅದರಲ್ಲಿ ಒಂದು ಅವಘಡಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು ಎಂದು ಎರಡು ಮಿತಿಗಳಿರುತ್ತವೆ, ಪ್ರತಿ ಕ್ಲೈಮಿನಲ್ಲೂ ಮೊದಲ ಒಂದಷ್ಟು ಮೊತ್ತ ನಿಮ್ಮ ಪಾಲಿಗೆ ಉಳಿದಿರುತ್ತದೆ.

ಒಂದು ಉದಾಹರಣೆ ನೋಡೋಣ. ಉಪ್ಪಳದ ಒಂದು ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ ನೀವು ಹಾಕಿದ ಬಿಸಿನೀರಿನ ಪೈಪಿನ ಜೋಡಣೆ ರಾತ್ರಿ ಬಿಟ್ಟುಹೋಯಿತು. ಎರಡನೆಯ ಮಹಡಿಯವರ ಜಿಪ್ಸಮ್ ಸೀಲಿಂಗು, ಟಿವಿ, ಮಂಚ ನೆನೆದವು. ಕೆಳಮನೆಯವರಿಗಾದ ನಷ್ಟವನ್ನು ಪಾಲಿಸಿ ತುಂಬಿಕೊಡುತ್ತದೆ. ಆದರೆ ಬಿಟ್ಟುಹೋದ ಜೋಡಣೆಯನ್ನು ಮತ್ತೆ ಹಾಕುವ ಖರ್ಚು ನಿಮ್ಮದೇ, ಏಕೆಂದರೆ ಕೆಟ್ಟ ಕಸುಬನ್ನು ಸರಿಪಡಿಸುವ ವೆಚ್ಚಕ್ಕೆ ವಿಮೆ ಇಲ್ಲ. ಅದನ್ನು ತಲುಪಲು ಒಡೆಯಬೇಕಾದ ಟೈಲ್ಸಿನ ಖರ್ಚೂ ಹೆಚ್ಚಾಗಿ ನಿಮ್ಮ ಪಾಲಿನದು. ಹಠಾತ್ತನೆ ನೀರು ಹರಿಯುವುದಕ್ಕೂ ತಿಂಗಳುಗಟ್ಟಲೆ ಒಸರಿ ಗೋಡೆ ಪಸೆಯಾಗುವುದಕ್ಕೂ ಪಾಲಿಸಿ ವ್ಯತ್ಯಾಸ ಮಾಡುತ್ತದೆ. ಎರಡನೆಯದನ್ನು ಬಹುತೇಕ ಹೊರಗಿಡುತ್ತದೆ. ಬೀಗ ಒಪ್ಪಿಸುವ ಮುನ್ನ ಒತ್ತಡದ ಪರೀಕ್ಷೆ ಮಾಡಿ, ಮಾಪಕದ ಮುಳ್ಳು ಕಾಣುವಂತೆ ಫೋಟೋ ತೆಗೆದು, ಮನೆಯವರ ಸಹಿ ಪಡೆದಿಟ್ಟರೆ ಇಂಥ ವಿವಾದಗಳಲ್ಲಿ ಅದು ನೂರು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬೋರ್‌ವೆಲ್‌ನಿಂದ ಪಂಪ್ ಎತ್ತುವಾಗ ಅದು ಜಾರಿ ಒಳಗೆ ಬಿದ್ದರೆ?

ಇದು ನಮ್ಮ ಭಾಗದಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ, ಹೆಚ್ಚು ನಿರಾಸೆ ತರುವ ಉತ್ತರವೂ ಇದರದೇ. ಪೈಪಿನ ಉದ್ದಗಳನ್ನು ಒಂದೊಂದಾಗಿ ಬಿಚ್ಚುತ್ತಾ ಮೇಲೆಳೆಯುವಾಗ ಕ್ಲ್ಯಾಂಪು ಸಡಿಲಗೊಂಡು ಅಥವಾ ತುಕ್ಕು ಹಿಡಿದ ಕಪ್ಲಿಂಗು ಮುರಿದು ಪಂಪು, ಕೇಬಲು, ಪೈಪು ಎಲ್ಲವೂ ತಳ ಸೇರುತ್ತವೆ. ಪಂಪು ಹೋಗುವುದಷ್ಟೇ ಅಲ್ಲ, ಅದು ಅಡ್ಡ ಸಿಕ್ಕಿಕೊಂಡರೆ ಬೋರ್‌ವೆಲ್ಲೇ ಹೋದಂತೆ. ಸಾಧಾರಣ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿಯಲ್ಲಿ, ನಿಮ್ಮ ವಶದಲ್ಲಿರುವ ಅಥವಾ ನೀವು ಕೆಲಸ ಮಾಡುತ್ತಿರುವ ಸೊತ್ತಿಗೆ ಆಗುವ ಹಾನಿಯನ್ನು ಹೊರಗಿಡಲಾಗಿರುತ್ತದೆ. ಎತ್ತುತ್ತಿದ್ದ ಪಂಪು ಅಂಥ ಸೊತ್ತು. ಬೋರ್‌ವೆಲ್ಲೂ ಅದರಲ್ಲೇ ಸೇರುತ್ತದೆಂದು ಕಂಪನಿ ವಾದಿಸುತ್ತದೆ.

ಇದಕ್ಕೆ ದಾರಿ ಎರಡು. ವಶದಲ್ಲಿರುವ ಸೊತ್ತಿಗೂ ರಕ್ಷಣೆ ವಿಸ್ತರಿಸಲು ಸಾಧ್ಯವೇ ಎಂದು ಪಾಲಿಸಿ ಮಾಡಿಸುವಾಗಲೇ ಲಿಖಿತವಾಗಿ ಕೇಳುವುದು ಒಂದು. ಕೆಲಸಕ್ಕೆ ಮುನ್ನ, ಹಳೆಯ ಪೈಪಿನ ಸ್ಥಿತಿಯಿಂದಾಗುವ ನಷ್ಟಕ್ಕೆ ಮಾಲೀಕರೇ ಹೊಣೆ ಎಂದು ಅವರಿಂದ ಎರಡು ಸಾಲು ಬರೆಸಿಕೊಳ್ಳುವುದು ಇನ್ನೊಂದು. ಪರಿಚಯದವರ ತೋಟವಾದರೆ ಬರೆಸಿಕೊಳ್ಳಲು ಸಂಕೋಚವಾಗುವುದು ಸಹಜ. ಪಂಪು ಬಿದ್ದ ಮೇಲೆ ಆ ಪರಿಚಯವೂ ಉಳಿಯುವುದಿಲ್ಲ.

ಗಲ್ಫ್‌ನಲ್ಲಿರುವವರ ಮನೆ. ಎರಡು ವರ್ಷದ ಬಳಿಕ ಬಂದು ಸೋರಿಕೆ ಇದೆ ಎನ್ನುತ್ತಾರೆ. ಆಗ?

ಹೊಣೆಗಾರಿಕೆ ಪಾಲಿಸಿಗಳು ನಮ್ಮಲ್ಲಿ ಸಾಮಾನ್ಯವಾಗಿ ಕ್ಲೈಮ್ ಬಂದ ದಿನವನ್ನು ನೋಡುತ್ತವೆ. ಅವಘಡ ಪಾಲಿಸಿಯಲ್ಲಿ ಬರೆದ ಪೂರ್ವಾನ್ವಯ ದಿನಾಂಕದ (ರಕ್ಷಣೆ ಎಷ್ಟು ಹಿಂದಿನವರೆಗೆ ಅನ್ವಯಿಸುತ್ತದೆ ಎಂಬ ದಿನದ) ನಂತರ ಸಂಭವಿಸಿರಬೇಕು, ಬೇಡಿಕೆ ಬಂದ ದಿನವೂ ಪಾಲಿಸಿ ಚಾಲ್ತಿಯಲ್ಲಿರಬೇಕು. ನಡುವೆ ಒಂದು ವರ್ಷ ನವೀಕರಿಸದೆ ಬಿಟ್ಟರೆ ಆ ಹಳೆಯ ದಿನಾಂಕ ಅಳಿಸಿಹೋಗಿ ಹೊಸದೊಂದು ಬರುತ್ತದೆ, ಹಿಂದಿನ ಕೆಲಸಗಳೆಲ್ಲ ಬಯಲಿಗೆ ಬೀಳುತ್ತವೆ. ಕಂಪನಿ ಬದಲಿಸುವಾಗಲೂ ಹಳೆಯ ದಿನಾಂಕವನ್ನೇ ಮುಂದುವರಿಸುವಂತೆ ಕೇಳಿ. ಒಪ್ಪಿಸಿಯಾದ ಕೆಲಸದಿಂದ ಮುಂದೆ ಆಗುವ ಹಾನಿ ಕೆಲವು ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ಅದಕ್ಕಾಗಿ ಮುಗಿದ ಕೆಲಸದ ವಿಸ್ತರಣೆ ಪಡೆಯಬೇಕು. ವರ್ಷಗಟ್ಟಲೆ ಬೀಗ ಹಾಕಿರುವ ಮನೆಗಳೇ ತುಂಬಿರುವ ನಮ್ಮ ಊರುಗಳಲ್ಲಿ ಈ ವಿಸ್ತರಣೆ ಇಲ್ಲದ ಪಾಲಿಸಿ ಅರ್ಧ ಪಾಲಿಸಿ ಎಂದೇ ನಮ್ಮ ಅಭಿಪ್ರಾಯ.

ದೊಡ್ಡ ಕಾಮಗಾರಿಗೆ ಗುತ್ತಿಗೆದಾರರ ಸರ್ವ ಅಪಾಯ ಪಾಲಿಸಿ ಕೇಳುತ್ತಾರೆ. ಅದೇನು?

ಒಂದು ನಿರ್ದಿಷ್ಟ ಕಾಮಗಾರಿಗೆ, ಅದು ಮುಗಿಯುವವರೆಗೆ ಮಾಡಿಸುವ ಪಾಲಿಸಿ ಅದು. ಅದರ ಮೊದಲ ಭಾಗ ಕಾಮಗಾರಿಗೂ ಸಾಮಗ್ರಿಗೂ ಆಗುವ ಹಾನಿಗೆ, ಎರಡನೆಯದು ಮೂರನೆಯವರಿಗೆ ಆಗುವ ಹಾನಿಗೆ. ಆಸ್ಪತ್ರೆ, ಹೋಟೆಲು, ಪಂಚಾಯಿತಿಯ ಕುಡಿಯುವ ನೀರಿನ ಯೋಜನೆಗಳಲ್ಲಿ ಇದನ್ನು ಕೇಳುವುದು ವಾಡಿಕೆ. ಒಪ್ಪಂದದಲ್ಲಿ ದೋಷ ಹೊಣೆಗಾರಿಕೆಯ ಅವಧಿ (ಕೆಲಸ ಒಪ್ಪಿಸಿದ ಮೇಲೂ ದೋಷಗಳನ್ನು ನೀವೇ ಸರಿಪಡಿಸಬೇಕಾದ ಅವಧಿ) ಇದ್ದರೆ ನಿರ್ವಹಣಾ ಅವಧಿಯ ರಕ್ಷಣೆಯನ್ನೂ ಸೇರಿಸಿ. ಮುಖ್ಯ ಗುತ್ತಿಗೆದಾರರು ಇಡೀ ಕಟ್ಟಡಕ್ಕೆ ಇದನ್ನು ಮಾಡಿಸಿದ್ದರೆ ಒಳಗುತ್ತಿಗೆದಾರರ ಹೆಸರೂ ಅದರಲ್ಲಿದೆಯೇ ಎಂದು ನೋಡಿ; ಇದ್ದರೆ ನೀವು ಮತ್ತೆ ಮಾಡಿಸುವ ಅಗತ್ಯವಿಲ್ಲ.

ಗೋದಾಮು, ಸಲಕರಣೆಗಳಿಗೆ?

ಒಂದೇ ಸ್ಥಳದಲ್ಲಿರುವ ಸೊತ್ತಿನ ಮೌಲ್ಯ 5 ಕೋಟಿ ರೂಪಾಯಿ ಮೀರದ ಉದ್ದಿಮೆಗಳಿಗೆ 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ ಇದರಲ್ಲಿ ಸೇರಿವೆ. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದೊಳಗೆ ನೀರು ಬರುವುದನ್ನು ಕಂಡವರಿಗೆ ನೆರೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಳವಿಗೆ ಬೇರೆಯೇ ಪಾಲಿಸಿ ಬೇಕು, ಅದೂ ಬೀಗ ಒಡೆದು ಬಲವಂತವಾಗಿ ಒಳನುಗ್ಗಿದ ಗುರುತಿದ್ದರೆ ಮಾತ್ರ. ಬಾಗಿಲೇ ಇಲ್ಲದ ಸೈಟಿನಿಂದ ಡ್ರಿಲ್ಲಿಂಗ್ ಯಂತ್ರವನ್ನು ಯಾರೋ ಎತ್ತಿಕೊಂಡು ಹೋದರೆ ಆ ಪಾಲಿಸಿ ನೆರವಿಗೆ ಬಾರದು. ರಾತ್ರಿ ಯಂತ್ರಗಳನ್ನು ಬೀಗವಿರುವ ಕೋಣೆಯಲ್ಲಿಡಿ.

ವಾಹನದ ವಿಷಯದಲ್ಲಿ ಏನು ಗಮನಿಸಬೇಕು? ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ಕೆಲಸ ಹಿಡಿದರೆ ಪಾಲಿಸಿ ನಡೆಯುತ್ತದೆಯೇ?

ಕೆಲಸಕ್ಕೆ ಬಳಸುವ ವಾಹನ ಸರಕು ವಾಹನವೆಂದು ನೋಂದಣಿಯಾಗಿರಲಿ, ಪಾಲಿಸಿಯೂ ಹಾಗೆಯೇ ಇರಲಿ. ಹಿಂದೆ ಪೈಪಿನ ರಾಶಿಯ ಮೇಲೆ ನೌಕರರಲ್ಲದವರನ್ನು ಕೂರಿಸಬೇಡಿ. ಪೈಪುಗಳು ವಾಹನದ ಮಿತಿ ಮೀರಿ ಹೊರಚಾಚಿದ್ದರೆ 2019ರ ತಿದ್ದುಪಡಿಯ ನಂತರ ದಂಡವೇ 20,000 ರೂಪಾಯಿ.

ಮಂಗಳೂರು, ಪುತ್ತೂರು, ಸುಳ್ಯದ ಕೆಲಸಗಳಿಗೆ ಪಾಲಿಸಿಯ ಭೌಗೋಳಿಕ ವ್ಯಾಪ್ತಿ ‘ಭಾರತ’ ಎಂದಿದ್ದರೆ ಸಾಕು. ನೌಕರರ ಪರಿಹಾರ ಪಾಲಿಸಿಯಲ್ಲಿ ಕೆಲವೊಮ್ಮೆ ಸ್ಥಳ ಎಂಬಲ್ಲಿ ಅಂಗಡಿಯ ವಿಳಾಸವನ್ನಷ್ಟೇ ತುಂಬಿಸಿರುತ್ತಾರೆ. ‘ಭಾರತದೊಳಗೆ ಗುತ್ತಿಗೆ ಹಿಡಿದ ಎಲ್ಲ ಸ್ಥಳಗಳು’ ಎಂದು ತಿದ್ದಿಸಿ.

ಪ್ರೀಮಿಯಂ ಎಷ್ಟಾಗುತ್ತದೆ?

ವೇತನದ ಒಟ್ಟು ಮೊತ್ತ, ಕೆಲಸದ ಎತ್ತರ ಮತ್ತು ಆಳ, ವಾರ್ಷಿಕ ವಹಿವಾಟು, ಹಿಂದಿನ ಕ್ಲೈಮುಗಳು ಇವುಗಳ ಮೇಲೆ ಅದು ನಿಲ್ಲುತ್ತದೆ. 2007ರ ಜನವರಿಯಿಂದ ಏಕರೂಪದ ದರಪಟ್ಟಿ ಇಲ್ಲದ ಕಾರಣ ಕಂಪನಿಯಿಂದ ಕಂಪನಿಗೆ ದರ ಬೇರೆ. ಮೂರು ಕಡೆ ಕೇಳಿ. ವಾಹನದ ಮೂರನೆಯವರ ವಿಮೆಯ ದರ ಮಾತ್ರ ಸರಕಾರ ನಿಗದಿಪಡಿಸಿದ್ದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ಜಿಎಸ್‌ಟಿ ಇಲ್ಲವಾದರೂ ವ್ಯವಹಾರದ ಪಾಲಿಸಿಗಳಿಗೆ ಶೇ. 18 ಇದ್ದೇ ಇದೆ. ಪ್ರೀಮಿಯಂ ಕಂಪನಿಯ ಕೈಸೇರುವ ಮೊದಲು ಅಪಾಯದ ಹೊಣೆ ಆರಂಭವಾಗುವುದಿಲ್ಲ. ಏಜೆಂಟರು ‘ಆಯಿತು, ಮಾಡಿದ್ದೇನೆ’ ಎಂದ ಮಾತಿಗೆ ಬೆಲೆಯಿಲ್ಲ, ಚೆಕ್ಕು ಬೌನ್ಸಾದರೂ ಅಷ್ಟೇ.

ಅರ್ಜಿ ಇಂಗ್ಲಿಷಿನಲ್ಲಿದೆ, ಕಚೇರಿಯವರು ಮಲಯಾಳದಲ್ಲಿ ವಿವರಿಸುತ್ತಾರೆ. ಖಾಲಿ ಅರ್ಜಿಗೆ ಸಹಿ ಹಾಕಿ ಕೊಡಬಹುದೇ?

ಕೊಡಬಾರದು. ಅರ್ಜಿಯನ್ನು ಬೇರೆಯವರು ತುಂಬಿದರೂ ಅದರಲ್ಲಿನ ಪ್ರತಿ ಉತ್ತರಕ್ಕೆ ನೀವೇ ಹೊಣೆ. ಅರ್ಜಿದಾರರಿಗೆ ಆ ಭಾಷೆ ಬಾರದಿದ್ದಾಗ ವಿಷಯವನ್ನು ಅವರ ಭಾಷೆಯಲ್ಲಿ ವಿವರಿಸಿದ್ದೇನೆಂದು ತುಂಬಿದವರು ಸಹಿ ಹಾಕುವ ಘೋಷಣೆಯೊಂದು ಅರ್ಜಿಯ ಕೊನೆಯಲ್ಲಿರುತ್ತದೆ. ಅಲ್ಲಿ ಸಹಿ ಹಾಕಿಸಿಕೊಳ್ಳಿ. ಕೆಲಸದ ವಿವರವನ್ನು ನೀವೇ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಇಂಗ್ಲಿಷಿಗೆ ಮಾಡಿಸಿ, ಅರ್ಜಿಗೆ ಲಗತ್ತಿಸಿ, ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಇಟ್ಟುಕೊಳ್ಳಿ.

ಅವಘಡವಾದ ಕೂಡಲೇ ಏನು ಮಾಡಬೇಕು?

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿ ‘ಕೆಲಸದ ಸ್ಥಳದಲ್ಲಿ ಬಿದ್ದದ್ದು’ ಎಂದೇ ಬರೆಸಿ. ಪೊಲೀಸರ ಗೊಡವೆ ಬೇಡವೆಂದು ‘ಮನೆಯಲ್ಲಿ ಜಾರಿದ’ ಎಂದು ಬರೆಸಿದ ಒಂದು ಸಾಲು ಇಡೀ ಕ್ಲೈಮನ್ನು ಕೆಡಿಸುತ್ತದೆ. ಅದೇ ದಿನ ಕಂಪನಿಗೆ ಇಮೇಲ್ ಅಥವಾ ಲಿಖಿತ ಪತ್ರದ ಮೂಲಕ ತಿಳಿಸಿ. ಸೊತ್ತಿನ ಹಾನಿಯಾದರೆ ನೀರನ್ನು ನಿಲ್ಲಿಸಿ, ಮತ್ತಷ್ಟು ಹಾಳಾಗದಂತೆ ನೋಡಿಕೊಳ್ಳಿ. ಆದರೆ ಮುರಿದ ಫಿಟ್ಟಿಂಗನ್ನು ಎಸೆಯದೆ, ನಷ್ಟ ಅಂದಾಜಿಸುವ ಸರ್ವೇಯರ್ ಬಂದು ನೋಡುವವರೆಗೆ ಚೀಲದಲ್ಲಿ ಕಟ್ಟಿಡಿ.

ಕ್ಲೈಮ್ ತಿರಸ್ಕರಿಸಿದರೆ ಯಾರ ಬಳಿ ಹೋಗಬೇಕು?

ಮೊದಲು ಅದೇ ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ, 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕೇರಳದ ಪ್ರಕರಣಗಳನ್ನು ನೋಡುವುದು ಕೊಚ್ಚಿಯ ಕಚೇರಿ. ಏಕಮಾಲೀಕ ಸಂಸ್ಥೆಗಳು ಮತ್ತು ಸೂಕ್ಷ್ಮ ಉದ್ದಿಮೆಗಳು ಅಲ್ಲಿಗೆ ಹೋಗಬಹುದು, 50 ಲಕ್ಷ ರೂಪಾಯಿವರೆಗೆ ತೀರ್ಪು ಕೊಡುವ ಅಧಿಕಾರ ಅವರಿಗಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ದೂರು ತಲುಪಬೇಕು. ಪಾಲುದಾರಿಕೆಯ ದೊಡ್ಡ ಸಂಸ್ಥೆಗಳಾದರೆ ಜಿಲ್ಲಾ ಗ್ರಾಹಕ ಆಯೋಗವನ್ನು ಎರಡು ವರ್ಷದೊಳಗೆ ಸಮೀಪಿಸಬಹುದು. ಎಲ್ಲಿಗೇ ಹೋದರೂ ಪಾಲಿಸಿಯ ಪೂರ್ಣ ಪ್ರತಿ, ಷರತ್ತುಗಳ ಪುಟಗಳು ಮತ್ತು ನೀವು ಸಹಿ ಹಾಕಿದ ಪ್ರಸ್ತಾವನಾ ಪತ್ರ ಜೊತೆಗಿರಲಿ. ಅದರ ಪ್ರತಿ ನಿಮ್ಮಲ್ಲಿಲ್ಲದಿದ್ದರೆ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆದುಕೊಳ್ಳಿ.